ಕಥೆಯನ್ನು ಕೆಡಿಸಿ ನೋಡಿ: ಕಥೆಯ ಮೂಲಾಂಶಗಳನ್ನು ಅರ್ಥ ಮಾಡಿಕೊಳ್ಳಲು ಒಂದು ಮಲೆನಾಡು ಮಾರ್ಗದರ್ಶಿ

ಹಂದರ, ಪಾತ್ರ, ಆವರಣ, ಸಂಘರ್ಷ, ದೃಷ್ಟಿಕೋನ, ಆಶಯ. ಪಿಯುಸಿಯಿಂದ ಎಂ.ಎ.ವರೆಗೆ ಈ ಪದಗಳನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಕೈಗೆ ಹಿಂದೆ ಓದಿರದ ಒಂದು ಕಥೆ ಕೊಟ್ಟು, ‘ಇಲ್ಲಿ ದೃಷ್ಟಿಕೋನ ಏನು ಕೆಲಸ ಮಾಡುತ್ತಿದೆ?’ ಎಂದು ಕೇಳಿ, ತಡವರಿಸುತ್ತಾರೆ. ವ್ಯಾಖ್ಯೆ ಗೊತ್ತಿದೆ, ಅದನ್ನು ಎಲ್ಲಿ ಹಚ್ಚಬೇಕೆಂದು ಗೊತ್ತಿಲ್ಲ.

ನಾನು ನಂಬಿರುವ ದಾರಿ ಒಂದೇ. ಕಥೆಯ ಒಂದು ಅಂಶವನ್ನು ಬೇಕೆಂದೇ ಬದಲಿಸಬೇಕು, ಆಮೇಲೆ ಏನು ಕೆಟ್ಟಿತೆಂದು ನೋಡಬೇಕು. ಕೆಟ್ಟಿದ್ದು ಯಾವುದೋ, ಆ ಅಂಶ ಮಾಡುತ್ತಿದ್ದ ಕೆಲಸ ಅದೇ. ಏನೂ ಕೆಡಲಿಲ್ಲ ಎಂದಾದರೆ ಲೇಖಕ ಅದನ್ನು ಸುಮ್ಮನೆ ತಂದು ಹಾಕಿದ್ದಾನೆ ಎಂದರ್ಥ. ಇದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಹತ್ತು ಪುಟ ಮೀರದ ಒಂದು ಕಥೆ ಸಾಕು.

ಹಂತ 1: ಮೊದಲು ಸುಮ್ಮನೆ ಓದಿ

ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟಬೇಡಿ. ಯಾವ ಪದವೂ ತಲೆಯಲ್ಲಿ ಇರಬಾರದು. ಈ ಮಾರ್ಗದರ್ಶಿಗೆಂದೇ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ನಡೆಯುವ ಒಂದು ಪುಟ್ಟ ಕಥೆ ಕಟ್ಟಿದ್ದೇನೆ. ಮುಂದೆ ಇದನ್ನೇ ಮತ್ತೆ ಮತ್ತೆ ಕೆಡಿಸುತ್ತೇವೆ.

*ಪುಷ್ಯ ಮಳೆ ಒಂದು ದಿನ ಹೊಳವು ಕೊಟ್ಟಿತು. ಗೌರಕ್ಕ ನಸುಕಿಗೇ ಎದ್ದು ಮೈಲುತುತ್ತ, ಸುಣ್ಣ ಬೇರೆ ಬೇರೆ ಕದಡಿ ಡ್ರಮ್ಮಿನಲ್ಲಿ ಮದ್ದು ಕೂಡಿಸಿದಳು. ಹತ್ತು ಗಂಟೆಯಾದರೂ ಕೊನೆಗಾರ ಮಂಜನ ಸುಳಿವಿಲ್ಲ. ಹೋದ ವರ್ಷ ಕೂಲಿ ಲೆಕ್ಕದಲ್ಲಿ ಇಬ್ಬರಿಗೂ ಮಾತಾಗಿತ್ತು. ‘ನಿನ್ನಂಥವರು ನೂರು ಜನ ಸಿಗ್ತಾರೆ’ ಅಂದುಬಿಟ್ಟಿದ್ದಳು.*

*ಕೊಡೆ ಊರಿಕೊಂಡು ಹಳ್ಳ ದಾಟಿ ಅವನ ಮನೆಗೆ ಹೋದಳು. ಮಂಜ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಮೊಣಕಾಲಿಗೆ ಪಟ್ಟಿ.*

*‘ಯಾವಾಗ ಬಿದ್ದೆ?’*

*‘ಎಂಟು ದಿನ ಆತು. ನಿಮ್ಮ ದಾಯಾದಿಗಳ ತೋಟದಾಗೆ.’*

*‘ಹೇಳಿ ಕಳಿಸಬೇಕಿತ್ತು ಮಾರಾಯ.’*

*‘ನೂರು ಜನ ಇದಾರಲ್ಲ ಅಂತ ಸುಮ್ನಾದೆ.’*

*ಅವನ ಹೆಂಡತಿ ಕಾಫಿ ತಂದಿಟ್ಟಳು. ಲೋಟ ಖಾಲಿಯಾಗುವ ತನಕ ಗೌರಕ್ಕ ಮಾತಾಡಲಿಲ್ಲ. ಅವಳು ಎದ್ದು ಹೊರಟಾಗ ಕೊಡೆ ಜಗಲಿಯ ಕಂಬಕ್ಕೆ ಒರಗಿಕೊಂಡೇ ಉಳಿಯಿತು.*

*ಹಳ್ಳ ದಾಟುವಾಗ ಹನಿ ಶುರುವಾಯಿತು. ಮನೆಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದಳು. ನೀಲಿಯೆಲ್ಲ ತಳಕ್ಕಿಳಿದು ಮೇಲೆ ಬರೀ ನೀರು ನಿಂತಿತ್ತು.*

ಬಯಲುಸೀಮೆಯ ಓದುಗರಿಗೆ ಒಂದು ಮಾತು: ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಹೊಳವಿನಲ್ಲಿ, ಅಂದರೆ ಮಳೆ ಬಿಡುವು ಕೊಟ್ಟಾಗ, ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೂಡಿಸಿದ ಮದ್ದನ್ನು ಅದೇ ದಿನ ಮುಗಿಸಬೇಕು. ಮರ ಹತ್ತಿ ಗೊನೆಗೆ ಮದ್ದು ಹೊಡೆಯುವವನು, ಸುಗ್ಗಿಯಲ್ಲಿ ಗೊನೆ ಇಳಿಸುವವನು ಕೊನೆಗಾರ. ಇಷ್ಟು ಗೊತ್ತಿದ್ದರೆ ಕಥೆಯ ಗಡಿಯಾರ ನಿಮಗೂ ಕೇಳಿಸುತ್ತದೆ.

ಹಂತ 2: ಘಟನೆಗಳನ್ನು ಎರಡು ಸಲ ಪಟ್ಟಿ ಮಾಡಿ (ಕಥೆ ಮತ್ತು ಹಂದರ)

ನೋಟ್‌ಬುಕ್ಕಿನ ಎಡಪುಟದಲ್ಲಿ ಘಟನೆಗಳನ್ನು ಕಾಲಕ್ರಮದಲ್ಲಿ ಬರೆಯಿರಿ. ಜಗಳವಾಯಿತು, ಮಂಜ ಬಿದ್ದ, ಹೇಳಿ ಕಳಿಸಲಿಲ್ಲ, ಮದ್ದು ಕೂಡಿಸಿದಳು, ಅವನ ಮನೆಗೆ ಹೋದಳು, ವಾಪಸ್ ಬಂದಳು. ಬಲಪುಟದಲ್ಲಿ ಕಥೆ ಅದನ್ನು ಹೇಳಿದ ಕ್ರಮವನ್ನು ಬರೆಯಿರಿ. ಮದ್ದು ಕೂಡಿಸಿದ್ದು ಮೊದಲು ಬಂತು, ಜಗಳ ನಡುವೆ ನೆನಪಾಗಿ ಬಂತು, ಬಿದ್ದ ಸುದ್ದಿ ಸಂಭಾಷಣೆಯಲ್ಲಿ ಹೊರಬಿತ್ತು.

ಎಡಪುಟದಲ್ಲಿ ಇರುವುದು ಕಥೆ, ಬಲಪುಟದಲ್ಲಿ ಇರುವುದು ಹಂದರ. ಇದಕ್ಕೆ ಸಂವಿಧಾನ, ಕಥಾಸಂವಿಧಾನ ಎನ್ನುವವರೂ ಇದ್ದಾರೆ, ಪ್ಲಾಟ್ ಎಂದರೂ ತಪ್ಪಿಲ್ಲ. ಹೋದ ವರ್ಷದ ಜಗಳ ನಡುವೆ ಬಂತಲ್ಲ, ಅದು ಹಿನ್ನೋಟ, ಅಂದರೆ ಫ್ಲ್ಯಾಶ್‌ಬ್ಯಾಕ್. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇನ್ನೊಂದು ಗೆರೆ ಎಳೆದ: ‘ಆಮೇಲೆ ಏನಾಯ್ತು?’ ಎನ್ನುವುದಕ್ಕೆ ಉತ್ತರ ಕಥೆ, ‘ಯಾಕಾಯ್ತು?’ ಎನ್ನುವುದಕ್ಕೆ ಉತ್ತರ ಹಂದರ. ಮಂಜ ಬಿದ್ದ, ಹೇಳಿ ಕಳಿಸಲಿಲ್ಲ ಎಂದರೆ ಎರಡು ಸಂಗತಿ. ಆ ಹಳೆಯ ಮಾತಿನ ದೆಸೆಯಿಂದ ಹೇಳಿ ಕಳಿಸಲಿಲ್ಲ ಎಂದರೆ ಹಂದರ.

ಈಗ ಕೆಡಿಸಿ. ಮಂಜ ಮರದಿಂದ ಬೀಳುವುದನ್ನು ಮೊದಲ ಸಾಲಿಗೆ ತನ್ನಿ. ಗೌರಕ್ಕ ಮದ್ದು ಕದಡುವಾಗ ಅದು ದಂಡವಾಗುತ್ತದೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳ ಮೇಲೆ ಕನಿಕರ ಹುಟ್ಟುತ್ತದೆ. ಮೂಲದಲ್ಲಿ ನಾವು ಅವಳ ಜೊತೆಗೇ ಹಳ್ಳ ದಾಟಿ ಹೋಗಿ, ಅವಳ ಜೊತೆಗೇ ಆ ಪಟ್ಟಿಯನ್ನು ನೋಡಿ ಪೆಚ್ಚಾಗುತ್ತೇವೆ. ಘಟನೆಗಳು ಅವೇ ಆದರೂ ಓದುಗ ನಿಂತ ಜಾಗ ಬೇರೆಯಾಯಿತು.

ಹಂದರದ ಏರಿಳಿತಕ್ಕೆ ಎರಡು ಹಳೆಯ ನಕ್ಷೆಗಳಿವೆ. ನಮ್ಮ ನಾಟ್ಯಶಾಸ್ತ್ರದ ಪರಂಪರೆಯಲ್ಲಿ ಐದು ಅವಸ್ಥೆಗಳು: ಆರಂಭ, ಯತ್ನ, ಪ್ರಾಪ್ತ್ಯಾಶಾ (ಸಿಕ್ಕೀತೆಂಬ ಆಸೆ), ನಿಯತಾಪ್ತಿ (ಸಿಗುವುದು ಖಚಿತವಾಗುವುದು), ಫಲಾಗಮ (ಫಲ ಕೈಗೆ ಬರುವುದು). ಜರ್ಮನಿಯ ಗುಸ್ತಾವ್ ಫ್ರೈಟಾಗ್ 1863ರಲ್ಲಿ ನಾಟಕಗಳನ್ನು ಮುಂದಿಟ್ಟುಕೊಂಡು ಐದು ಭಾಗದ ತ್ರಿಕೋನ ಬರೆದ. ಪರಾಕಾಷ್ಠೆ ಎಂಬ ಮಾತು ತರಗತಿಗಳಲ್ಲಿ ಓಡಾಡುವುದು ಅದರಿಂದ. ಎರಡೂ ಹುಟ್ಟಿದ್ದು ನಾಟಕಕ್ಕಾಗಿ. ಸಣ್ಣಕಥೆಯ ಮೇಲೆ ಬಲವಂತವಾಗಿ ಹೇರಬೇಡಿ. ನಮ್ಮ ಕಥೆಯಲ್ಲಿ ಫಲಾಗಮವೇ ಇಲ್ಲ, ಮದ್ದು ನೀರಾಯಿತು ಅಷ್ಟೆ.

ಹಂತ 3: ಒಬ್ಬೊಬ್ಬರನ್ನೇ ಕಥೆಯಿಂದ ಹೊರಗೆ ಕಳಿಸಿ (ಪಾತ್ರ)

ಪಾತ್ರದ ಬಗ್ಗೆ ನಮಗೆ ತಿಳಿಯುವುದು ನಾಲ್ಕು ಬಗೆಯಲ್ಲಿ: ಅವರು ಆಡುವ ಮಾತು, ಮಾಡುವ ಕೆಲಸ, ಬೇರೆಯವರು ಅವರ ಬಗ್ಗೆ ಅನ್ನುವುದು, ನಿರೂಪಕ ನೇರವಾಗಿ ಹೇಳುವುದು. ನಾಲ್ಕನೆಯದು ಅತಿ ಸುಲಭ, ಅದಕ್ಕೇ ಅತಿ ಜೊಳ್ಳು. ‘ಗೌರಕ್ಕ ಬಿಗುಮಾನದ ಹೆಂಗಸು’ ಎಂದು ನಮ್ಮ ಕಥೆಯಲ್ಲಿ ಎಲ್ಲೂ ಇಲ್ಲ. ಲೋಟ ಖಾಲಿಯಾಗುವ ತನಕ ಅವಳು ಮಾತಾಡಲಿಲ್ಲ ಎಂದಷ್ಟೇ ಇದೆ.

ಮಂಜನ ಹೆಂಡತಿಯನ್ನು ತೆಗೆದುಹಾಕಿ. ಅವಳಿಗೆ ಹೆಸರಿಲ್ಲ, ಮಾತಿಲ್ಲ, ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾಳೆ. ಆದರೆ ಅವಳಿಲ್ಲದೆ ಕಾಫಿ ಇಲ್ಲ, ಕಾಫಿ ಇಲ್ಲದೆ ಆ ಮೌನ ಇಲ್ಲ. ಗಂಡ ಚುಚ್ಚುತ್ತಾನೆ, ಹೆಂಡತಿ ಉಪಚಾರ ಮಾಡುತ್ತಾಳೆ. ಬೈಸಿಕೊಂಡ ಮನೆಯ ಕಾಫಿ ಕುಡಿಯುವ ಇಕ್ಕಟ್ಟು ಗೌರಕ್ಕನಿಗೆ ಬಂದದ್ದು ಅವಳಿಂದ. ಫಾರ್ಸ್ಟರ್‌ನ ಲೆಕ್ಕದಲ್ಲಿ ಅವಳು ಚಪ್ಪಟೆ ಪಾತ್ರ, ಗೌರಕ್ಕ ದುಂಡು ಪಾತ್ರ. ಚಪ್ಪಟೆ ಎಂದರೆ ಕಳಪೆ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಹಾಗಲ್ಲ. ಓದುಗ ನಂಬುವ ಹಾಗೆ ಅಚ್ಚರಿ ಹುಟ್ಟಿಸಬಲ್ಲ ಪಾತ್ರ ದುಂಡು, ಒಂದೇ ಗುಣದ ಮೇಲೆ ನಿಂತದ್ದು ಚಪ್ಪಟೆ. ಕಥೆಗೆ ಎರಡೂ ಬೇಕು.

ಮುಖ್ಯಪಾತ್ರ, ಪೋಷಕಪಾತ್ರ ಎಂದು ವಿಂಗಡಿಸುವ ಮುನ್ನ ನಮ್ಮ ಸೀಮೆಯದೇ ಒಂದು ಕಾದಂಬರಿಯ ಬಾಗಿಲಲ್ಲಿ ನಿಲ್ಲಿ. ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಶುರುವಾಗುವ ಮುಂಚೆಯೇ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂಬ ಮಾತಿದೆ. ನಾಯಿಗುತ್ತಿಯ ಜೊತೆ ಅವನ ನಾಯಿ ಹುಲಿಯನಿಗೂ ಅಲ್ಲಿ ಪೂರಾ ಬಾಳಿದೆ. ಆ ಕಾದಂಬರಿಯ ನಾಯಕ ಯಾರೆಂದು ಕೇಳುವ ಪ್ರಶ್ನೆಪತ್ರಿಕೆಗೆ ಕಾದಂಬರಿಯೇ ಉತ್ತರ ಕೊಟ್ಟು ಕೂತಿದೆ.

ಹಂತ 4: ಅಡ್ಡಿಯನ್ನು ತೆಗೆಯಿರಿ (ಸಂಘರ್ಷ)

ಯಾರಿಗೆ ಏನು ಬೇಕು? ಅದಕ್ಕೆ ಅಡ್ಡ ಏನು? ಈ ಎರಡು ಪ್ರಶ್ನೆಗೆ ಉತ್ತರ ಬರೆದರೆ ಸಂಘರ್ಷ ಸಿಕ್ಕಿತು. ಗೌರಕ್ಕನಿಗೆ ಮದ್ದು ಹೊಡೆಸಬೇಕು. ಮಳೆ ಅಡ್ಡ, ಮಂಜನ ಕಾಲು ಅಡ್ಡ, ಅವಳದೇ ನಾಲಿಗೆ ಅಡ್ಡ. ಮೊದಲ ಎರಡು ಹೊರಗಿನ ಸಂಘರ್ಷ, ಮೂರನೆಯದು ಒಳಗಿನದು. ಮಂಜನ ಕಾಲು ನೆಟ್ಟಗೆ ಮಾಡಿ ನೋಡಿ. ಅವಳು ಕ್ಷಮೆ ಕೇಳುತ್ತಾಳೆ, ಅವನು ಬರುತ್ತಾನೆ, ಕಥೆ ನೀತಿಪಾಠವಾಗುತ್ತದೆ. ಜಗಳ ತೆಗೆದುಹಾಕಿ, ಉಳಿಯುವುದು ಬರೀ ಅಪಘಾತ.

ಒಳಗಿನ ಮತ್ತು ಹೊರಗಿನ ಸಂಘರ್ಷ ಒಂದಕ್ಕೊಂದು ಹೆಣೆದುಕೊಳ್ಳುವುದನ್ನು ನೋಡಬೇಕಿದ್ದರೆ ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ (1965) ಓದಿ. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಸುಡುವವರು ಯಾರೆಂದು ತೀರ್ಮಾನವಾಗುತ್ತಿಲ್ಲ. ಊರಿನ ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಹುಡುಕಹೊರಟ ಪ್ರಾಣೇಶಾಚಾರ್ಯರು ಕೊನೆಗೆ ತಮ್ಮನ್ನೇ ಪ್ರಶ್ನಿಸಿಕೊಳ್ಳುವಲ್ಲಿಗೆ ಬರುತ್ತಾರೆ. ಹೆಣವನ್ನು ಮೊದಲ ದಿನವೇ ಸುಟ್ಟುಬಿಟ್ಟಿದ್ದರೆ ಕಾದಂಬರಿಯೇ ಇಲ್ಲ.

ಹಂತ 5: ಊರು ಬದಲಿಸಿ (ಆವರಣ)

ಕಥೆ ನಡೆಯುವ ಜಾಗ, ಕಾಲ, ಅಲ್ಲಿನ ಬದುಕಿನ ಕಟ್ಟುಪಾಡು ಎಲ್ಲ ಸೇರಿ ಆವರಣ. ಗೌರಕ್ಕನ ಕಥೆಯನ್ನು ಚನ್ನಗಿರಿ ಕಡೆಯ ಕೊಳವೆಬಾವಿ ತೋಟಕ್ಕೆ ಒಯ್ಯಿರಿ. ಅಲ್ಲೂ ಅಡಿಕೆಯೇ, ಅಲ್ಲೂ ಕೂಲಿ ಜಗಳವೇ. ಆದರೆ ಪುಷ್ಯ ಮಳೆಯ ಒತ್ತಡವಿಲ್ಲ. ಇವತ್ತಲ್ಲದಿದ್ದರೆ ನಾಳೆ ಎನ್ನಬಹುದಾದ ಕಡೆ ಅವಳು ಹಳ್ಳ ದಾಟಿ ಹೋಗುತ್ತಲೇ ಇರಲಿಲ್ಲ. ಅಂದರೆ ಇಲ್ಲಿ ಮಳೆ ಬರೀ ಹಿನ್ನೆಲೆಯಲ್ಲ, ಬಿಗುಮಾನದ ಹೆಂಗಸನ್ನು ಮನೆಯಿಂದ ಎಬ್ಬಿಸಿದ್ದೇ ಅದು.

ಇಲ್ಲಿ ಒಂದು ತಕರಾರು ಹೇಳಲೇಬೇಕು. ಮಲೆನಾಡಿನ ಕಥೆ ಎಂದರೆ ಮೊದಲ ಪ್ಯಾರಾದಲ್ಲಿ ಜಡಿಮಳೆ, ಎರಡನೆಯದರಲ್ಲಿ ಹಂಡೆಯೊಲೆ, ಮೂರನೆಯದರಲ್ಲಿ ಕಾಫಿ, ಹಲಸಿನ ಹಪ್ಪಳ ಎಂಬಂತಾಗಿದೆ. ಬೆಂಗಳೂರಿನಿಂದ ಆಗುಂಬೆಗೆ ಬಂದು ಫೋಟೋ ತೆಗೆಸಿಕೊಂಡು ಹೋದವರ ಮಳೆ ಅದು. ಪರೀಕ್ಷೆ ಸುಲಭ: ಮಳೆಯ ಸಾಲುಗಳನ್ನು ಹೊಡೆದುಹಾಕಿ ಓದಿ. ಕಥೆ ನಿರಾಳವಾಗಿ ಮುಂದೆ ಹೋದರೆ ಆ ಮಳೆ ಅಲಂಕಾರಕ್ಕೆ ಬಂದದ್ದು.

ಆವರಣವೇ ಎದುರಾಳಿಯಾಗಿ ನಿಲ್ಲುವುದೂ ಉಂಟು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಸಾಗರದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯಲ್ಲಿ ಏರುತ್ತಿರುವ ಹಿನ್ನೀರು ಮನೆಮಂದಿಯ ನಡುವಿನ ಸಂಬಂಧದ ಒಳಗೂ ನುಗ್ಗುತ್ತದೆ. ಆ ನೀರನ್ನು ಹಿನ್ನೆಲೆ ಎಂದು ಕರೆಯಲು ಬಾಯಿ ಬರುವುದಿಲ್ಲ.

ಹಂತ 6: ಬೇರೆಯವರಿಂದ ಹೇಳಿಸಿ (ನಿರೂಪಕ ಮತ್ತು ದೃಷ್ಟಿಕೋನ)

ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಪ್ರಶ್ನೆಗಳು ಎರಡು, ಬೆರೆಸಬೇಡಿ. ಹೇಳುತ್ತಿರುವವರು ಯಾರು? ಅವರು ನಿರೂಪಕ. ಯಾರ ಕಣ್ಣಿನ ಮೂಲಕ ಕಾಣುತ್ತಿದೆ? ಅದು ದೃಷ್ಟಿಕೋನ. ನಮ್ಮ ಕಥೆಯನ್ನು ಹೇಳುವವನು ಕಥೆಯೊಳಗಿಲ್ಲ. ಆದರೆ ನಮಗೆ ಕಾಣುವುದು ಗೌರಕ್ಕನಿಗೆ ಕಂಡದ್ದು ಮಾತ್ರ. ಮಂಜನ ಮನಸ್ಸು ಅವಳಿಗೂ ಮುಚ್ಚಿದೆ, ನಮಗೂ ಮುಚ್ಚಿದೆ. ಇದು ಸೀಮಿತ ದೃಷ್ಟಿಕೋನ. ಎಲ್ಲರ ಮನಸ್ಸಿಗೂ ಇಳಿಯಬಲ್ಲವನು ಸರ್ವಜ್ಞ ನಿರೂಪಕ. ‘ನಾನು’ ಎಂದು ಕಥೆಯೊಳಗಿನವರೇ ಹೇಳಿದರೆ ಆತ್ಮನಿರೂಪಣೆ.

ಪರೀಕ್ಷೆ ಬರೆಯುವವರು ಒಂದು ಗುಂಡಿ ನೋಡಿಕೊಂಡು ಕಾಲಿಡಿ. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು, ಅವಳು’ ಪ್ರಥಮ ಪುರುಷ. ಆದರೆ ಎಷ್ಟೋ ವಿಮರ್ಶಾ ಬರಹಗಳಲ್ಲಿ ‘ನಾನು’ ಹೇಳುವ ಕಥೆಗೆ ಪ್ರಥಮ ಪುರುಷ ನಿರೂಪಣೆ ಎಂದಿರುತ್ತದೆ. ಗೊಂದಲವೇ ಬೇಡವೆಂದರೆ ಆತ್ಮನಿರೂಪಣೆ ಎಂದು ಬರೆಯಿರಿ.

ಈಗ ಮಂಜನ ಬಾಯಿಗೆ ಕೊಡೋಣ:

*ಹಳ್ಳದ ಆಚೆ ಕೊಡೆ ಕಂಡಕೂಡಲೇ ಗೊತ್ತಾತು, ಗೌರಕ್ಕನೇ ಅಂತ. ಹೊಳವಾಗಿದೆ, ಮದ್ದು ಕೂಡಿಸಿಟ್ಟೇ ಬಂದಿರ್ತಾಳೆ. ಹೇಳಿ ಕಳಿಸು ಕಳಿಸು ಅಂತ ಹೆಂಡ್ತಿ ಎಂಟು ದಿನದಿಂದ ಹೇಳ್ತಾನೇ ಇದ್ಲು. ನಾನೇ ಬ್ಯಾಡ ಅಂದೆ. ಬರಲಿ, ಒಂದ್ಸಲ ಆಕೇನೂ ಈ ಹಳ್ಳ ದಾಟಿ ಬರಲಿ ಅಂತ ಕೂತಿದ್ದೆ.*

ಏನಾಯಿತು ನೋಡಿ. ಮೂಲದಲ್ಲಿ ‘ಸುಮ್ನಾದೆ’ ಎಂಬ ಮಾತಿನಲ್ಲಿ ನೋವಿದೆಯೋ ಹಟವಿದೆಯೋ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಹಟ ಬಯಲಾಯಿತು. ಹೆಂಡತಿಯ ಕಾಫಿಗೂ ಬೇರೆ ಅರ್ಥ ಬಂತು: ಗಂಡ ಮಾಡಿದ್ದು ಅವಳಿಗೆ ಸರಿಕಂಡಿಲ್ಲ. ಸಿಕ್ಕಿದ್ದು ಇಷ್ಟಾದರೆ ಕಳೆದುಕೊಂಡದ್ದೂ ಇದೆ. ಡ್ರಮ್ಮಿನ ಮುಚ್ಚಳ ತೆಗೆಯುವ ಕೊನೆಯ ದೃಶ್ಯವನ್ನು ಮಂಜ ನೋಡಲಾರ. ಈ ಕಥೆ ಅವನದಾದರೆ ಜಗಲಿಯಲ್ಲೇ, ಉಳಿದುಹೋದ ಕೊಡೆಯ ಹತ್ತಿರ ಮುಗಿಯಬೇಕಾಗುತ್ತದೆ. ದೃಷ್ಟಿಕೋನ ಬದಲಾದರೆ ಕಥೆ ಎಲ್ಲಿ ಮುಗಿಯಬೇಕೆಂಬುದೂ ಬದಲಾಗುತ್ತದೆ ಎನ್ನುವುದನ್ನು ಯಾವ ವ್ಯಾಖ್ಯೆಯೂ ನಿಮಗೆ ಹೇಳುವುದಿಲ್ಲ. ಸಂಜೆ ಒಂದು ಗಂಟೆ ಕೂತು, ಹೆಂಡತಿಯ ಬಾಯಲ್ಲಿ ಇದೇ ಕಥೆಯನ್ನು ಬರೆದು ನೋಡಿ.

ಮಂಜ ಹೇಳಿದ್ದೆಲ್ಲ ನಿಜವೇ? ‘ನಾನೇ ಬ್ಯಾಡ ಅಂದೆ’ ಎಂದು ಈಗ ಜಂಬ ಕೊಚ್ಚುತ್ತಿರಬಹುದು. ಆಗ ನಿಜವಾಗಿ ಅಳುಕಿರಬಹುದು. ಹೀಗೆ ಅನುಮಾನಕ್ಕೆ ಎಡೆ ಕೊಡುವವನು ನಂಬಲಾಗದ ನಿರೂಪಕ. ಇನ್ನೊಂದು ಎಚ್ಚರ: ‘ನಾನು’ ಎಂದವನು ಲೇಖಕನಲ್ಲ. ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ (1980) ಹೇಳುವವನು ಒಬ್ಬ ಕೃಷಿಕ. ತೇಜಸ್ವಿಯವರೂ ಮೂಡಿಗೆರೆಯಲ್ಲಿ ಕೃಷಿಕರಾಗಿದ್ದವರೇ. ಹಾಗಾಗಿ ಓದುಗರು ಇಬ್ಬರನ್ನೂ ಒಬ್ಬರೆಂದೇ ತಿಳಿದುಬಿಡುತ್ತಾರೆ. ಹೋಲಿಕೆ ಎಷ್ಟೇ ಇರಲಿ, ಆ ‘ನಾನು’ ಕಾದಂಬರಿ ಕಟ್ಟಿಕೊಂಡ ಒಂದು ಪಾತ್ರ.

ಹಂತ 7: ಮಾತನ್ನು ಶಿಷ್ಟ ಮಾಡಿ (ಭಾಷೆ, ಧಾಟಿ, ವ್ಯಂಗ್ಯ)

‘ನೂರು ಮಂದಿ ಇದ್ದಾರಲ್ಲವೇ ಎಂದು ನಾನು ಸುಮ್ಮನಾದೆನು’ ಎಂದು ಬರೆದು ನೋಡಿ. ಮಂಜ ಸತ್ತ. ಆಡುಮಾತು ಬಣ್ಣಕ್ಕಾಗಿ ಬರುವುದಲ್ಲ. ಯಾರು ಯಾರ ಎದುರು ಎಷ್ಟು ತಗ್ಗುತ್ತಾರೆ, ಎಷ್ಟು ಸೆಟೆಯುತ್ತಾರೆ ಎಂಬುದು ಅದರಲ್ಲೇ ಇರುತ್ತದೆ. ಜಗಳದಲ್ಲಿ ಅವಳು ‘ನಿನ್ನಂಥವರು’ ಎಂದಿದ್ದಳು. ಅವನು ಇವತ್ತೂ ‘ನಿಮ್ಮ ದಾಯಾದಿಗಳು’ ಎನ್ನುತ್ತಾನೆ. ‘ಮಾರಾಯ’ ಎಂಬ ಒಂದು ಮಾತಿನಲ್ಲಿ ಅವಳು ಅರ್ಧ ಸೋತಿದ್ದಾಳೆ.

ಅವಳ ಮಾತನ್ನೇ ಅವನು ತಿರುಗಿಸಿ ಹೇಳಿದ್ದು ಮಾತಿನ ವ್ಯಂಗ್ಯ. ಬೇಡವೆಂದವನ ಮನೆಗೇ ಅವಳು ಹೋಗಬೇಕಾಗಿ ಬಂದದ್ದು ಸನ್ನಿವೇಶದ ವ್ಯಂಗ್ಯ. ಓದುಗನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಅದು ನಾಟಕೀಯ ವ್ಯಂಗ್ಯ; ಎರಡನೇ ಹಂತದಲ್ಲಿ ಕ್ರಮ ಬದಲಿಸಿದಾಗ ಹುಟ್ಟಿದ್ದು ಅದೇ. ಇವೆಲ್ಲದರ ಬಗ್ಗೆ ನಿರೂಪಕನ ಒಟ್ಟು ಮನೋಭಾವ ಧಾಟಿ. ಇಲ್ಲಿ ಅದು ತಣ್ಣಗಿದೆ, ಯಾರ ಪರವೂ ವಾದಿಸುತ್ತಿಲ್ಲ.

ಹಂತ 8: ವಸ್ತುಗಳನ್ನು ಬದಲಿಸಿ (ಪ್ರತಿಮೆ, ಸಂಕೇತ, ಧ್ವನಿ)

ಇಂದ್ರಿಯಕ್ಕೆ ತಾಕುವ ಚಿತ್ರ ಪ್ರತಿಮೆ: ತಳಕ್ಕಿಳಿದ ನೀಲಿ. ಆ ಚಿತ್ರ ತನ್ನಾಚೆಗಿನ ಇನ್ನೊಂದನ್ನೂ ಹೊತ್ತರೆ ಸಂಕೇತ. ಹೇಳಿದ್ದನ್ನು ಮೀರಿ ಹೇಳದೇ ಇದ್ದುದು ಕೇಳಿಸಿದರೆ ಧ್ವನಿ. ಇದನ್ನೇ ಕಾವ್ಯದ ಆತ್ಮವೆಂದು ವಾದಿಸಿದವನು ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ. ಅವನು ಹೇಳಿದ್ದು ಕಾವ್ಯದ ಬಗ್ಗೆಯಾದರೂ ಇವತ್ತಿನ ಸಣ್ಣಕಥೆಗೆ ಅದು ಒಪ್ಪುವಷ್ಟು ಫ್ರೈಟಾಗ್‌ನ ತ್ರಿಕೋನ ಒಪ್ಪುವುದಿಲ್ಲ ಎಂದೇ ನನ್ನ ಅನಿಸಿಕೆ.

ಕೊಡೆಯನ್ನು ನೋಡಿ. ‘ಕೊಡೆ ಮರೆತು ಹೊರಟಳು’ ಎಂದು ಬದಲಿಸಿದರೆ ಅವಳ ಮನಸ್ಸು ಕಲಕಿದೆ ಎಂದಾಗುತ್ತದೆ. ‘ಕೊಡೆ ಬಿಟ್ಟು ಹೊರಟಳು’ ಎಂದರೆ ಮತ್ತೆ ಬರುತ್ತೇನೆಂದು ಹೇಳದೆ ಹೇಳಿದ ಹಾಗೆ. ಮೂಲದಲ್ಲಿರುವುದು ‘ಉಳಿಯಿತು’. ಎರಡೂ ಸಾಧ್ಯತೆಯನ್ನು ಅದು ಉಳಿಸಿಕೊಳ್ಳುತ್ತದೆ.

ಸಂಕೇತ ಹುಡುಕುವ ಹುಚ್ಚು ಹತ್ತಿದವರಿಗೆ ಕಾಫಿ ಲೋಟವೂ ಸಂಕೇತ, ಮೊಣಕಾಲಿನ ಪಟ್ಟಿಯೂ ಸಂಕೇತ, ಹಳ್ಳವಂತೂ ವರ್ಗಭೇದ! ಒಂದು ತಡೆ ಹಾಕಿಕೊಳ್ಳಿ. ಆ ವಸ್ತು ಮೊದಲು ವಸ್ತುವಾಗಿ ಕಥೆಯಲ್ಲಿ ಕೆಲಸ ಮಾಡಿರಬೇಕು. ಕೊಡೆ ಊರುಗೋಲಾಗಿ ಬಂತು, ಮಳೆ ಬಂದಾಗ ಇಲ್ಲವಾಯಿತು, ಆಮೇಲಷ್ಟೇ ಅರ್ಥವಾಗಲು ಹೊರಟಿತು. ಮೊಣಕಾಲಿನ ಪಟ್ಟಿ ಬರೀ ಪಟ್ಟಿ.

ಹಂತ 9: ಕೊನೆಯಲ್ಲಿ ಮಾತ್ರ ಆಶಯ ಬರೆಯಿರಿ

ಆಶಯವನ್ನು ಒಂದು ಪದದಲ್ಲಿ ಬರೆಯಬೇಡಿ. ‘ಕೂಲಿಕಾರರ ಕೊರತೆ’ ಎನ್ನುವುದು ವಿಷಯ, ಪತ್ರಿಕೆಯ ವರದಿಗೂ ಅದೇ ವಿಷಯ ಇರಬಹುದು. ಪೂರ್ಣ ವಾಕ್ಯ ಬೇಕು: ‘ಬೇರೆಯವರ ದುಡಿಮೆಯಿಂದ ಬದುಕುವವರಿಗೆ ಅವರು ಎಷ್ಟು ಬೇಕೆಂಬುದು ಅವರು ಇಲ್ಲದ ದಿನ ತಿಳಿಯುತ್ತದೆ.’ ಇದು ಒಂದು ಓದು. ‘ಇಬ್ಬರ ಹಟಕ್ಕೂ ದಂಡ ತೆತ್ತದ್ದು ತೋಟ’ ಎನ್ನುವುದು ಇನ್ನೊಂದು ಓದು. ಎರಡಕ್ಕೂ ಕಥೆಯಲ್ಲಿ ಸಾಲು ತೋರಿಸಲು ಬರುತ್ತದೆ. ‘ಯಾರನ್ನೂ ಹೀಯಾಳಿಸಬಾರದು’ ಎನ್ನುವುದು ಆಶಯವಲ್ಲ, ಉಪದೇಶ. ಗೌರಕ್ಕ ಬದಲಾದಳೆಂದು ಕಥೆ ಎಲ್ಲೂ ಹೇಳಿಲ್ಲ.

ಬರೆಯುವಾಗ, ಚರ್ಚಿಸುವಾಗ

ಉತ್ತರಪತ್ರಿಕೆಯಲ್ಲಾಗಲಿ, ಊರಿನ ಓದು ಬಳಗದಲ್ಲಾಗಲಿ, ‘ಪಾತ್ರಚಿತ್ರಣ ಮನೋಜ್ಞವಾಗಿದೆ, ಭಾಷೆ ಸರಳ ಸುಂದರವಾಗಿದೆ’ ಎಂಬ ವಾಕ್ಯ ಯಾವ ಕಥೆಗೆ ಬೇಕಾದರೂ ಹೊಂದುತ್ತದೆ. ಅಂಥದ್ದನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಮೂರು ಭಾಗದ ಒಂದು ಟಿಪ್ಪಣಿ ಇಡಿ: ಅಂಶದ ಹೆಸರು, ಕಥೆಯ ಒಂದು ಸಾಲು, ಆ ಸಾಲನ್ನು ಬದಲಿಸಿದರೆ ಏನು ಕೆಡುತ್ತದೆ. ಉದಾಹರಣೆಗೆ: ‘ದೃಷ್ಟಿಕೋನ. ನೂರು ಜನ ಇದಾರಲ್ಲ ಅಂತ ಸುಮ್ನಾದೆ. ಮಂಜನ ಮನಸ್ಸನ್ನು ತೆರೆದು ತೋರಿಸಿದರೆ, ಈ ಮಾತು ನೋವೋ ಹಟವೋ ಎಂಬ ಗೌರಕ್ಕನ ಗೊಂದಲದಲ್ಲಿ ಓದುಗ ಪಾಲುದಾರನಾಗಲಾರ.’

ಎಲ್ಲ ಅಂಶಗಳನ್ನೂ ಒಂದೇ ಕಥೆಯಲ್ಲಿ ಹುಡುಕಿ ಹೈರಾಣಾಗಬೇಡಿ. ಕೆಲವು ಕಥೆಗಳಲ್ಲಿ ಹಂದರವೇ ಎಲ್ಲ ಭಾರ ಹೊರುತ್ತದೆ, ಇನ್ನು ಕೆಲವು ಧಾಟಿಯೊಂದರಿಂದಲೇ ನಡೆಯುತ್ತವೆ. ಒಂದು ಕಥೆಗೆ ಎರಡು ಅಂಶ ಆರಿಸಿ, ಕೆಡಿಸಿ, ಬರೆದಿಡಿ. ಮುಂದಿನ ಕಥೆಗೆ ಬೇರೆ ಎರಡು. ದೃಷ್ಟಿಕೋನವನ್ನು ಮಾತ್ರ ಪ್ರತಿ ಸಲವೂ ಪರೀಕ್ಷಿಸಿ.